ಜೆನೊನ್ ತಂದ ಸೇಬಿನ ಕೇಕು

ತಪ್ಪೆಲ್ಲ ಸೇಬಿನ ಕೇಕಿನದು. ಅದನ್ನು ಮಾಡಿಕೊಟ್ಟವಳು ಹೆಂಡತಿ ಬೊಗ್ನಾ, ಟ್ರಾಮಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಆಫೀಸಿಗೆ ತಂದವನು ಜೆನೊನ್. ಅಂದು ಅವನ ಹೆಸರಿನ ಸಂತನ ದಿನ. ಹೆಸರಿನ ದಿನ ಬಂದವನು ಜೊತೆಯವರ ಬಾಯಿ ಸಿಹಿ ಮಾಡಬೇಕೆಂಬುದು ಅವನು ಇಪ್ಪತ್ತು ವರ್ಷ ದುಡಿದ ವಿಮಾ ಕಂಪನಿಯಲ್ಲಿ ಯಾರೂ ಮುರಿಯದ ಕಟ್ಟಳೆ. ಆದರೆ ಅವನೀಗ ಇದ್ದದ್ದು ಆ ಕಂಪನಿಯಲ್ಲಲ್ಲ, ನದಿಯಾಚೆ ಗಾಜಿನ ಕಟ್ಟಡದಲ್ಲಿದ್ದ ದೊಡ್ಡ ಬ್ಯಾಂಕಿನಲ್ಲಿ.

ವಿಮಾ ಕಂಪನಿಯನ್ನು ಅವನು ಬಿಟ್ಟದ್ದು ಅಲ್ಲಿನ ಮೇಲಧಿಕಾರಿ ಪೊನಿಕೋವ್ಸ್ಕಿಯವರ ಅಕ್ಕರೆ ತಾಳಲಾರದೆ. ಅವರು ಕೆಟ್ಟವರೇನಲ್ಲ. ಆದರೆ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ತಿಳಿಯದಿದ್ದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಜೆನೊನನಿಗೆ ಮೂಲವ್ಯಾಧಿಯ ಶಸ್ತ್ರಚಿಕಿತ್ಸೆಯಾದಾಗ, ಮೂವತ್ತು ಜನರ ಸಭೆಯನ್ನು ನಡುವೆ ನಿಲ್ಲಿಸಿ, "ಕೂರೋಕೆ ಆಗ್ತಿದೆಯೇನ್ರೀ? ದಿಂಬು ತರಿಸ್ಲಾ?" ಎಂದು ಕೇಳಿದ್ದರು. ಮರುವಾರವೇ ಜೆನೊನ್ ರಾಜೀನಾಮೆ ಬರೆದ.

ಬ್ಯಾಂಕಿನಲ್ಲಿ ಆ ಕಾಟವಿಲ್ಲ. ಇಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ಮಗಳ ವಯಸ್ಸಿನ ಮೇಲಧಿಕಾರಿ ಕಿಂಗಾಳನ್ನೂ 'ನೀನು' ಎನ್ನಬೇಕು. ಮೊದಲ ತಿಂಗಳು ಜೆನೊನ್ ಅವಳನ್ನು ಏನೂ ಕರೆಯದೆ, ಕೆಮ್ಮಿಯೇ ಕೆಲಸ ಸಾಗಿಸಿದ. ಬೆಳಗಾದರೆ "ಹೇಗಿದ್ದೀಯ?" ಎನ್ನುತ್ತಾರೆ. ಅವನು "ರಾತ್ರಿ ಸ್ವಲ್ಪ..." ಎಂದು ಬಾಯಿ ತೆರೆಯುವಷ್ಟರಲ್ಲಿ ಕೇಳಿದವರು ಲಿಫ್ಟಿನೊಳಗಿರುತ್ತಾರೆ. ಇದೇ ನೆಮ್ಮದಿ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

ಅಂದಿಗೆ ಅವನ ಮೂರು ತಿಂಗಳ ಪರೀಕ್ಷಾವಧಿ ಮುಗಿಯುತ್ತಿತ್ತು. ಸಂಜೆಯೊಳಗೆ ಕಿಂಗಾ ಸಹಿ ಹಾಕಿದರೆ ಕೆಲಸ ಕಾಯಂ. ಹಾಕದಿದ್ದರೆ, ನಲವತ್ತೊಂಬತ್ತರ ಗಂಡಸಿಗೆ ಇನ್ನೆಲ್ಲಿ ಯಾರು ಮಣೆ ಹಾಕುತ್ತಾರೆ? ಹಳೆಯ ಕಂಪನಿಯ ಬಾಗಿಲನ್ನಂತೂ ಅವನೇ ಎಳೆದುಕೊಂಡು ಬಂದಿದ್ದ.

ಕೇಕನ್ನು ಆಫೀಸಿನ ಅಡುಗೆಕೋಣೆಯಲ್ಲಿಟ್ಟು ಎಲ್ಲರಿಗೂ ಸಂದೇಶ ಕಳಿಸಿದ: 'ಗೆಳೆಯರೇ, ಕೇಕು ತಂದಿದ್ದೇನೆ, ತಿನ್ನಿ. ಇಷ್ಟು ದಿನದ ನಿಮ್ಮ ಸ್ನೇಹಕ್ಕೆ ಧನ್ಯವಾದ.'

ಮೊದಲು ಬಂದವನು ಪಕ್ಕದ ಮೇಜಿನ ಕೊರ್ನೆಲ್. ಬಾಯಿತುಂಬ ಕೇಕು, ಕಣ್ಣು ಜೆನೊನನ ಮೇಜಿನ ಪಕ್ಕದ ಕಿಟಕಿಯ ಮೇಲೆ.

"ನಿನ್ನ ಜಾಗ ಕೊಡ್ತೀನಿ ಅಂತ ಯಾರಿಗೂ ಮಾತು ಕೊಟ್ಟಿಲ್ಲ ತಾನೆ? ನನ್ನ ಕಳ್ಳಿ ಗಿಡಕ್ಕೆ ಬಿಸಿಲೇ ಸಿಗ್ತಿಲ್ಲ ನೋಡು."

"ನನ್ನ ಜಾಗ ಯಾಕಪ್ಪ?"

ಅಷ್ಟರಲ್ಲಿ ಮಲ್ವಿನಾ ಓಡಿಬಂದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಮೂರು ತಿಂಗಳಿಂದ ಅವಳು ಎದುರಿನ ಮೇಜಿನಲ್ಲೇ ಕೂತಿದ್ದರೂ ಇಬ್ಬರ ನಡುವೆ ಹತ್ತು ಮಾತು ನಡೆದಿರಲಿಲ್ಲ. "ನಮ್ಮನ್ನೆಲ್ಲ ಬಿಟ್ಟು ಹೊರಟೆಯಾ ಜೆನೊನ್? ಒಳ್ಳೇದಾಯ್ತು ಬಿಡು. ನೀನಾದ್ರೂ ಬದುಕ್ಕೊಂಡೆ!"

ಆಗ ಅವನ ತಲೆಗೆ ಹೊಳೆಯಿತು. ಈ ಮೂರು ತಿಂಗಳಲ್ಲಿ ಎರಡು ಸಲ ಆ ಅಡುಗೆಕೋಣೆಯಲ್ಲಿ ಕೇಕು ಬಂದಿತ್ತು. ಎರಡನ್ನೂ ಯಾಕೆಂದು ಕೇಳದೆ ತಿಂದಿದ್ದ. ತಂದವರನ್ನು ಆಮೇಲೆ ಕಂಡಿರಲಿಲ್ಲ. ಈ ಬ್ಯಾಂಕಿನಲ್ಲಿ ಹೆಸರಿನ ದಿನವೆಂಬುದೇ ಇಲ್ಲ, ಕೆಲಸ ಬಿಟ್ಟು ಹೋಗುವವನೇ ಕೇಕು ತಿನ್ನಿಸುವುದು!

"ಅಯ್ಯೋ, ನಾನೆಲ್ಲೂ ಹೋಗ್ತಿಲ್ಲ!"

"ಎಲ್ಲರೂ ಹಾಗೇ ಅನ್ನೋದು," ಕೊರ್ನೆಲ್ ಕಣ್ಣು ಮಿಟುಕಿಸಿದ. "ಅಲ್ಲಿ ಸಹಿ ಬೀಳೋವರೆಗೂ ಬಾಯಿ ಬಿಡಬಾರದು, ಗೊತ್ತು ಗೊತ್ತು. ಹಳೇ ಕಂಪನಿಗೇ ವಾಪಸ್ಸಾ? ಅಲ್ಲಿ ಹೇಗೆ? ಹೇಳು."

ಏಳೆಂಟು ಜನ ಸುತ್ತ ನೆರೆದರು. ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೂ ಅವರು ನಿಂತೇ ಇದ್ದರು. ಮೂರು ತಿಂಗಳಲ್ಲಿ ಅವನ ಮುಂದೆ ಯಾರೂ ಹಾಗೆ ನಿಂತಿರಲಿಲ್ಲ. ಪಾಪ, ಜೆನೊನನಿಗೆ ಅದು ಹಿತವಾಯಿತು. ಅಲ್ಲಗಳೆಯುವುದನ್ನು ಆಮೇಲೆ ನೋಡಿಕೊಂಡರಾಯಿತೆಂದು ಬಾಯಿ ಬಿಟ್ಟ.

"ಅಲ್ಲಿ ಮಧ್ಯಾಹ್ನ ಎಲ್ಲರೂ ಒಂದೇ ಮೇಜಲ್ಲಿ ಕೂತು ಸೂಪ್ ಕುಡೀತಿದ್ವಿ. ಒಬ್ಬ ಬರಲಿಲ್ಲ ಅಂದ್ರೆ ಸಂಜೆಯೊಳಗೆ ಮನೆಗೆ ಫೋನು. ನನ್ನ ಮಗ ಪರೀಕ್ಷೆ ಪಾಸಾದಾಗ ಮೇಲಧಿಕಾರಿಗಳೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಆಪರೇಷನ್ ಆದಾಗ..." ಇಲ್ಲಿ ಸ್ವಲ್ಪ ತಡೆದ. "ಆಪರೇಷನ್ ಆದಾಗ, ದಿಂಬು ಬೇಕಾ ಅಂತ ಕೇಳಿದ್ರು ಕಣಮ್ಮ!"

"ಅಯ್ಯೋ, ಎಂಥ ಮನುಷ್ಯ!" ಎಂದು ಮಲ್ವಿನಾ ಕಣ್ಣೊರೆಸಿಕೊಂಡಳು.

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ತನ್ನನ್ನು ಅಲ್ಲಿಂದ ಓಡಿಬರುವಂತೆ ಮಾಡಿದ ಆ ಸಂಗತಿಗಳೇ ಈಗ ತನ್ನ ಬಾಯಲ್ಲೇ ಇಷ್ಟು ಬೆಚ್ಚಗೆ ಕೇಳಿಸುತ್ತಿರುವುದು ಜೆನೊನನಿಗೂ ಸೋಜಿಗವೆನಿಸಿತು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹಾಗೆ. ತಲೆಯೆತ್ತಿ ನೋಡಿದರೆ ಹಿಂದಿನ ಸಾಲಿನಲ್ಲಿ ಕಾಫಿ ಲೋಟ ಹಿಡಿದು ಕಿಂಗಾ ನಿಂತಿದ್ದಳು.

"ಸಂಜೆ ನನ್ನ ಕೋಣೆಗೆ ಬಾ," ಎಂದಷ್ಟೇ ಹೇಳಿ ಹೊರಟಳು.

ಆಮೇಲಿನ ಹೊತ್ತು ಅವನು ಮುಳ್ಳಿನ ಮೇಲೆ ಕಳೆದ. ಎರಡು ಸಲ ಅವಳ ಬಾಗಿಲಿಗೆ ಹೋದ, ಎರಡು ಸಲವೂ ಅವಳು ಫೋನಿನಲ್ಲಿದ್ದಳು. ಊಟ ಮುಗಿಸಿ ಬಂದರೆ ಕಿಟಕಿಯಲ್ಲಿ ಕೊರ್ನೆಲನ ಕಳ್ಳಿ ಗಿಡ ಬಿಸಿಲು ಕಾಯಿಸುತ್ತಿತ್ತು. ಕಂಪ್ಯೂಟರ್ ವಿಭಾಗದಿಂದ ಒಬ್ಬ ಬಂದು, "ಲ್ಯಾಪ್‌ಟಾಪ್ ಈಗ್ಲೇ ಕೊಟ್ಬಿಡ್ತೀಯಾ? ಸಂಜೆ ಆದ್ರೆ ನನ್ನ ಟ್ರಾಮ್ ತಪ್ಪುತ್ತೆ," ಎಂದ. ಜೆನೊನ್ ಅದನ್ನು ಎದೆಗವಚಿಕೊಂಡು ಶೌಚಾಲಯಕ್ಕೂ ಹೊತ್ತೊಯ್ದ.

ಸಂಜೆ ಕಿಂಗಾ ಅವನನ್ನು ಕೂರಿಸಿ ಬಾಗಿಲು ಮುಚ್ಚಿದಳು.

"ಕಿಂಗಾ, ಆ ಕೇಕು..."

"ಮೊದಲು ನಾನು ಹೇಳ್ತೀನಿ, ಕೇಳು. ಹೋದ ಚಳಿಗಾಲದಲ್ಲಿ ನಮ್ಮಪ್ಪ ತೀರ್ಕೊಂಡ್ರು. ಮಣ್ಣು ಮಾಡಿ ಬಂದು ಇದೇ ಕುರ್ಚಿಲಿ ಕೂತೆ. ಒಬ್ರಾದ್ರೂ ಏನಾಯ್ತು ಅಂತ ಕೇಳ್ಲಿಲ್ಲ ಜೆನೊನ್. ಬಂದ ಮೊದಲ ಸಂದೇಶ, ವರದಿ ಎಲ್ಲಿ ಅಂತ." ಅವಳು ಮೇಜಿನ ಮೇಲಿನ ಕಡತವನ್ನು ಪಕ್ಕಕ್ಕೆ ಸರಿಸಿದಳು. "ನಿನ್ನ ಹಳೇ ಕಂಪನಿಯವರು ನನ್ನನ್ನ ಕೆಲಸಕ್ಕೆ ಕರೆದು ಎರಡು ವಾರ ಆಯ್ತು. ಹೋಗ್ಲೋ ಬೇಡ್ವೋ ಅಂತ ಒದ್ದಾಡ್ತಿದ್ದೆ. ಇವತ್ತು ನಿನ್ನ ಮಾತು ಕೇಳಿದೆ. ಹೊರಟು ನಿಂತವನಿಗೆ ಸುಳ್ಳು ಹೇಳಿ ಆಗ್ಬೇಕಾದ್ದೇನಿದೆ? ಮಧ್ಯಾಹ್ನವೇ ರಾಜೀನಾಮೆ ಕಳಿಸಿದೆ."

"ನಾನು ಹೊರಟಿಲ್ಲ! ಇವತ್ತು ನನ್ನ ಹೆಸರಿನ ದಿನ. ಅಷ್ಟೇ!"

ಕಿಂಗಾ ಮೊದಲು ನಕ್ಕಳು, ಆಮೇಲೆ ಅವಳ ಮುಖ ಬಿಳುಚಿತು.

"ಹಾಗಾದ್ರೆ ನಿನ್ನ ಕಾಯಂ ಪತ್ರ? ಅಯ್ಯೋ ದೇವರೇ! ರಾಜೀನಾಮೆ ಕೊಟ್ಟ ಮೇಲೆ ನನ್ನ ಸಹಿ ನಡೆಯಲ್ಲ. ಸದ್ಯಕ್ಕೆ ಮೇಲಿನೋರಿಗೆ ಹೇಳಿ ಆರು ತಿಂಗಳ ತಾತ್ಕಾಲಿಕ ಕರಾರು ಮಾಡಿಸ್ತೀನಿ. ಮುಂದಿಂದು ಹೊಸಬರು ನೋಡಬೇಕು."

"ಹೊಸಬರು ಯಾರು?"

"ಅವರ ಬಗ್ಗೆ ನಿಂಗೆ ಚಿಂತೆನೇ ಬೇಡ," ಎಂದು ಅವಳು ಖುಷಿಯಿಂದ ಹೇಳಿದಳು. "ಅಲ್ಲಿ ನಾನು ಹೋಗೋ ಜಾಗ ಯಾಕೆ ಖಾಲಿಯಾಯ್ತು ಅಂದ್ಕೊಂಡೆ? ಆ ಜಾಗದಲ್ಲಿದ್ದೋರನ್ನ ನಮ್ಮ ಬ್ಯಾಂಕಿನೋರೇ ಸೆಳ್ಕೊಂಡಿದಾರೆ. ಬೇರೆ ವಿಭಾಗಕ್ಕೆ ಅಂತಿತ್ತು. ನಾನು ಹೊರಟೆ ಅಂದಿದ್ದೇ ತಡ, ನಮ್ಮ ವಿಭಾಗವನ್ನೂ ಅವರೇ ನೋಡ್ಕೊಳ್ಳಲಿ ಅಂದ್ರು ಮೇಲಿನೋರು. ಪೊನಿಕೋವ್ಸ್ಕಿ ಅಂತ. ದಿಂಬು ಕೊಡ್ತೀನಿ ಅಂದೋರು ಅವರೇ ತಾನೆ?"

ಜೆನೊನ್ ಕುರ್ಚಿಯ ಕೈ ಹಿಡಿದುಕೊಂಡ. ಆಡಿದ ಹೊಗಳಿಕೆಯನ್ನು ನುಂಗಲು ದಾರಿಯಿರಲಿಲ್ಲ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು.

"ಜೆನೊನ್ ಅವರೇ! ಹೆಸರಿನ ದಿನದ ಶುಭಾಶಯ ಕಣ್ರೀ! ನೂರು ವರ್ಷ ಬಾಳಿ! ಮರೀತೀನಿ ಅಂದ್ಕೊಂಡ್ರಾ?" ಪೊನಿಕೋವ್ಸ್ಕಿಯವರ ಅದೇ ತುಂಬು ದನಿ.

ಜೆನೊನನ ಕಣ್ಣು ತುಂಬಿ ಬಂತು. ಬೆಳಗಿನಿಂದ ಅಷ್ಟು ಜನ ಕೇಕು ತಿಂದರು, ಮುತ್ತಿಟ್ಟರು, ಬೀಳ್ಕೊಟ್ಟರು. ಶುಭಾಶಯ ಹೇಳಿದವರು ಇವರೊಬ್ಬರೇ. ಅವನಿಗೆ ನಿಜವಾಗಿಯೂ ಸಂತೋಷವಾಯಿತು.

"ತುಂಬಾ ಥ್ಯಾಂಕ್ಸ್ ಸರ್."

"ನಾನು ಅಲ್ಲಿಗೇ ಬರ್ತಿರೋ ವಿಷಯ ಗೊತ್ತಾಯ್ತಾ? ಇರಲಿ, ನಿಮ್ಮ ಕೆಲಸ ಕಾಯಂ ಆಯ್ತೇನ್ರೀ?"

"ಇಲ್ಲ ಸರ್... ಸ್ವಲ್ಪ..."

"ಆಗಲಿಲ್ವಾ! ಛೆ ಛೆ! ಚಿಂತೆ ಮಾಡ್ಬೇಡಿ. ನಾನು ಬಂದ ದಿನವೇ ಎಲ್ಲರನ್ನೂ ಕೂರಿಸ್ತೀನಿ. ನಿಮಗ್ಯಾಕೆ ಕಾಯಂ ಆಗಲಿಲ್ಲ, ಎಲ್ಲಿ ಎಡವಿದ್ರಿ ಅಂತ ಎಲ್ಲರೂ ಸೇರಿ ಮನಸ್ಸು ಬಿಚ್ಚಿ ಮಾತಾಡೋಣ. ಪಾಪ, ಮನೇಲಿ ಕಾಯ್ತಿರ್ತಾರೆ. ಬೊಗ್ನಾ ಅವರಿಗೆ ಈಗಲೇ ಫೋನ್ ಮಾಡಿ ನಾನೇ ಸಮಾಧಾನ ಹೇಳ್ತೀನಿ."

"ಸರ್, ಬೇಡ ಸರ್, ಅವಳಿಗೆ ನಾನೇ..." ಎನ್ನುವಷ್ಟರಲ್ಲಿ ಪೊನಿಕೋವ್ಸ್ಕಿಯವರು ಫೋನು ಇಟ್ಟಾಗಿತ್ತು.