ನಮ್ಮ ಮನೆ ಗೋಡೆಗಳು ಪಾಸಾದದ್ದು

ಪಾಸಾದಳು! ನನ್ನ ಮೊಮ್ಮಗಳು ಪಾಸಾದಳು! ಇನ್ನೊಂದು ಸಲ ಹೇಳಿಬಿಡುತ್ತೇನೆ, ತಡೆಯಬೇಡಿ. ಮೈಯೆಲ್ಲ ಸುಸ್ತಾಗಿ ಕುರ್ಚಿಯಲ್ಲಿ ಬಿದ್ದಿದೆ, ಬಾಯಿಗೆ ಮಾತ್ರ ಇನ್ನೂ ಸಾಕಾಗಿಲ್ಲ. ಪಾಸಾದಳು! ಪತ್ರಿಕೋದ್ಯಮ ಎನ್ನುವ ಓದಿನಲ್ಲಿ, ಎರಡು ಸಲ ಕೈಕೊಟ್ಟಿದ್ದ ಆ ಒಂದೇ ಒಂದು ಪೇಪರಿನಲ್ಲಿ, ಮೂರನೆಯ ಸಲಕ್ಕೆ ಪಾಸು!

ಈಗ ನಿಜ ಹೇಳುತ್ತೇನೆ. ಈ ಹುಡುಗಿಗೆ ಓದಲು ಬರುವುದಿಲ್ಲ. ನಗಬೇಡಿ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ರೈಲ್ವೆ ಸೇರಿದ ನಾನು, ಕಾಲೇಜು ಮುಗಿಸಿದವಳ ಬಗ್ಗೆ ಹೀಗೆ ಹೇಳಬಹುದೇ? ಹೇಳಬಹುದು. ಮೂರು ತಿಂಗಳು ಅವಳ ಜೊತೆ ಒಂದೇ ಸೂರಿನಡಿ ಬದುಕಿ ಉಳಿದವನು ನಾನು. ಪುಸ್ತಕ ಹಿಡಿದರೆ ಎರಡನೇ ಪುಟಕ್ಕೆ ಆಕಳಿಕೆ, ಮೂರನೇ ಪುಟಕ್ಕೆ ಗೊರಕೆ. ಆದರೆ ಕಣ್ಣಿಗೆ ಬಿದ್ದದ್ದನ್ನು ಮರೆಯುವವಳಲ್ಲ. ಅವಳು ಆರು ವರ್ಷದವಳಿದ್ದಾಗ ನಾನು ತೊಟ್ಟಿದ್ದ ಅಂಗಿಗೆ ಯಾವ ಗುಂಡಿ ಇರಲಿಲ್ಲ ಎಂದು ಈಗಲೂ ಹೇಳುತ್ತಾಳೆ, ಅದೂ ನೆಂಟರ ಮುಂದೆ! ಅವಳ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಇನ್ನು ಮೇಲೆ ಅವಳು ಪತ್ರಿಕೆಯವಳು. ನಾಳೆ ನನ್ನ ಬಗ್ಗೆ ಬರೆದರೆ ಏನು ಮಾಡಲಿ?

ನಮ್ಮದು ಚಿಕ್ಕಜಾಜೂರು. ಮೂವತ್ತು ವರ್ಷ ಇಲ್ಲಿನ ಸ್ಟೇಷನ್ನಿನಲ್ಲಿ ಹಳಿ ಬದಲಿಸಿಕೊಂಡು, ಬಾವುಟ ಬೀಸಿಕೊಂಡು, ದೀಪ ತೋರಿಸಿಕೊಂಡು ಇದ್ದೆ. ಈಗ ರಿಟೈರಾಗಿ ಸ್ಟೇಷನ್ ಹಿಂದಿನ ಮನೆಯಲ್ಲಿ ನಾನು, ನನ್ನ ಹೆಂಡತಿ. ಮಗನದು ಹಿರಿಯೂರಿನಲ್ಲಿ ತೆಂಗಿನಕಾಯಿ ವ್ಯಾಪಾರ. ಅವನ ಮಗಳೇ ಇವಳು. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದಿದಳು. ದುರ್ಗದ ಒಂದು ವಾರಪತ್ರಿಕೆಯ ಸಂಪಾದಕರು, "ಪಾಸು ಮಾಡ್ಕಂಡು ಬಾರಮ್ಮ, ನಿನಗೊಂದು ಕುರ್ಚಿ ಹಾಕಿಸ್ತೀನಿ" ಎಂದಿದ್ದರು. ಎರಡನೇ ಸಲವೂ ಡುಮ್ಕಿ ಹೊಡೆದಾಗ ನನ್ನ ಮಗ ರೇಗಿದ. "ಇದೇ ಕೊನೆ. ಈ ಸಲ ಆಗ್ಲಿಲ್ಲ ಅಂದ್ರೆ ಹಿರಿಯೂರಿಗೆ ಬಂದು ಟೈಪಿಂಗ್ ಕ್ಲಾಸು ಸೇರ್ಕ." ಒಂದು ಕಡೆ ಕುರ್ಚಿ, ಇನ್ನೊಂದು ಕಡೆ ಟೈಪಿಂಗ್ ಕ್ಲಾಸು. ನಡುವೆ ಒಂದು ಪೇಪರು.

"ಅಜ್ಜನ ಮನೇಲಿ ಗಲಾಟೆ ಇಲ್ಲ, ಅಲ್ಲೇ ಕುಂತು ಓದ್ತೀನಿ" ಎಂದು ಬಂದಳು. ಗಲಾಟೆ ಇಲ್ಲವಂತೆ! ದಿನಕ್ಕೆ ಹದಿನಾರು ಸಲ ಕೂಗುವ ರೈಲು ಗಲಾಟೆಯಲ್ಲ, ಆಮೇಲೆ ಇವಳು ಮಾಡಿದ್ದೂ ಗಲಾಟೆಯಲ್ಲ.

ಟ್ರಂಕಿನಲ್ಲಿ ಪುಸ್ತಕ ಎರಡು, ಬಣ್ಣದ ಡಬ್ಬಿ ಏಳು. ಮೊದಲು ನನ್ನ ಹಳೆಯ ಕ್ಯಾಲೆಂಡರುಗಳು ಹೋದವು, ದೇವರನ್ನು ಗೋಡೆಗೆ ತಿರುಗಿಸಿ ಬೆನ್ನ ಮೇಲೆ ಚಿತ್ರ ಬರೆದಳು. ಆಮೇಲೆ ಹೊಳಲ್ಕೆರೆಯ ಸಿನಿಮಾ ಟೆಂಟಿನವರನ್ನು ಕಾಡಿ ಹಳೆಯ ಪೋಸ್ಟರುಗಳ ಒಂದು ಸುರುಳಿಯನ್ನೇ ಹೊತ್ತು ತಂದಳು. ಅಜ್ಜಿಯ ಮೈದಾ ಹಿಟ್ಟು ಅಂಟಾಯಿತು. ಪುಸ್ತಕದ ಒಂದೊಂದು ಪಾಠಕ್ಕೂ ಒಂದೊಂದು ಪಟ, ಒಂದೊಂದು ಪಟಕ್ಕೂ ಮನೆಯಲ್ಲಿ ಒಂದೊಂದು ಜಾಗ. ನಡುಮನೆಯಲ್ಲಿ ಕಾನೂನು. ಅಡುಗೆಮನೆಯಲ್ಲಿ ಪತ್ರಿಕೆಗಳ ಚರಿತ್ರೆ. ಬಚ್ಚಲುಮನೆಯಲ್ಲಿ ರೇಡಿಯೊ. ಬಚ್ಚಲಲ್ಲಿ ಯಾಕೆ ಎಂದರೆ, "ಎಲ್ರೂ ಹಾಡೋದು ಅಲ್ಲೇ ಅಲ್ವಾ ಅಜ್ಜ?"

ಪಟ ಅಂಟಿಸಿದ ಮೇಲೆ ಕಣ್ಣು ಮುಚ್ಚಿ ಮನೆಯೆಲ್ಲ ತಿರುಗುತ್ತಿದ್ದಳು. ಕೈಯಲ್ಲಿ ಗೋಡೆ ಸವರುತ್ತ, ಬಾಯಲ್ಲಿ ಪಾಠ ಹೇಳುತ್ತ. ಪರೀಕ್ಷೆಯಲ್ಲೂ ಹೀಗೆಯೇ ಮನಸ್ಸಿನಲ್ಲಿ ಮನೆ ಸುತ್ತಿ ಉತ್ತರ ಬರೆಯುವುದಂತೆ. ಆದ್ದರಿಂದ ಮನೆಯಲ್ಲಿ ಏನೂ ಅಲುಗಾಡಬಾರದು! ಅಜ್ಜಿ ಒಮ್ಮೆ ಕೊಡಪಾನವನ್ನು ಬಾಗಿಲ ಬಲಕ್ಕಿಟ್ಟಿದ್ದಕ್ಕೆ, "ಅಯ್ಯೋ ಅಜ್ಜಿ, ಸುದ್ದಿ ಸಂಸ್ಥೆಗಳೆಲ್ಲ ಮರ್ತೋದ್ವು!" ಎಂದು ಕೂಗಿಕೊಂಡಳು. ಕಣ್ಣು ಮುಚ್ಚಿದವಳು ನನಗೆ ಎಷ್ಟು ಸಲ ಡಿಕ್ಕಿ ಹೊಡೆದಳೋ! ಮೂವತ್ತು ವರ್ಷ ಎರಡು ಗಾಡಿ ಡಿಕ್ಕಿಯಾಗದಂತೆ ಕಾದವನು ಸ್ವಾಮಿ ನಾನು.

ಜಗಲಿಯ ಗೋಡೆಗೆ ಬಿದ್ದದ್ದು ಕೆಂಪು ತ್ರಿಕೋನ, ಅದೂ ತಲೆಕೆಳಗು. ಸುದ್ದಿ ಬರೆಯುವಾಗ ಮುಖ್ಯವಾದದ್ದು ಮೇಲೆ ಅಗಲವಾಗಿ ಬರಬೇಕಂತೆ, ಉಳಿದದ್ದು ಕೆಳಗೆ ಸಣ್ಣಗಾಗುತ್ತ ಹೋಗಬೇಕಂತೆ. ನನಗೇನು ಗೊತ್ತು? ಮಾರನೆಯ ದಿನ ಹಾಲಿನವನು ಚೊಂಬನ್ನು ಬೇಲಿಯ ಹೊರಗಿಟ್ಟು ಓಡಿದ. ನನಗೆ ಕ್ಷೌರ ಮಾಡುವವನು ರಸ್ತೆಯಿಂದಲೇ ಕರೆದ.

"ಯಜಮಾನ್ರೆ, ಇಲ್ಲೇ ಬರ್ರಿ. ಒಳಗೆ ಬರಾಕಿಲ್ಲ ನಾನು."

"ಯಾಕೋ?"

"ನಂಗಿನ್ನೂ ಒಂದೇ ಮಗು ರೀ!"

ಆಗ ಹೊಳೆಯಿತು. ಆ ಗುರುತು ಊರ ಕಣ್ಣಿಗೆ ಕುಟುಂಬ ಯೋಜನೆಯದು! ಬಸ್ಸಿನ ಬೆನ್ನಿಗೆ, ಆಸ್ಪತ್ರೆ ಗೋಡೆಗೆ, ಎಲ್ಲೆಲ್ಲೂ ಅದೇ ಕೆಂಪು ತ್ರಿಕೋನ ಇರುವ ಕಾಲ. ಗಂಡಸರನ್ನು ಹಿಡಿದೊಯ್ಯುತ್ತಾರೆ ಎಂಬ ಪುಕಾರು ಬೇರೆ. ಅರವತ್ತು ದಾಟಿದ ನಾನು ಜಗಲಿಯಲ್ಲಿ ಕೂತರೆ ಹಾದಿಯ ಜನ ನನ್ನನ್ನು ಎಂಥ ಕನಿಕರದಿಂದ ನೋಡುತ್ತಿದ್ದರು ಅಂತೀರಿ! ಕೊನೆಗೆ ಅದಕ್ಕೆ ನೀಲಿ ಬಳಿದಳು. ಹಾಲು ಮನೆಯೊಳಗೆ ಬಂತು.

ನಡುಮನೆಯದು ಇನ್ನೊಂದು ಕಥೆ. ಒಬ್ಬರ ಮಾನ ಹೋಗುವಂತೆ ಪತ್ರಿಕೆಯಲ್ಲಿ ಬರೆದರೆ ಶಿಕ್ಷೆ ಉಂಟು ಎನ್ನುವ ಪಾಠಕ್ಕೆ ಇವಳು ಬರೆದದ್ದು ಒಂದು ಮುಖ, ಕೆಂಪು ಕಣ್ಣು, ಹೊರಚಾಚಿದ ಮಾರುದ್ದ ನಾಲಿಗೆ, ಆ ನಾಲಿಗೆಗೆ ಕೋಳ. ಸಾಯಂಕಾಲ ನೋಡುತ್ತೇನೆ, ಅದರ ಹಣೆಗೆ ಕುಂಕುಮ! ಕಿವಿಗೆ ಕನಕಾಂಬರ!

"ಏನೇ ಇದು?" ಎಂದೆ ಹೆಂಡತಿಗೆ.

"ಅಮ್ಮನ್ನ ಮನೆಗೆ ತಂದಮೇಲೆ ಬರಿ ಹಣೇಲಿ ಬಿಡಾಕಾಗ್ತದಾ? ನಿಮಗಂತೂ ಭಯ ಭಕ್ತಿ ಇಲ್ಲ."

"ಅಜ್ಜಿ, ಅದು ಮಾನನಷ್ಟ ಕಣಜ್ಜಿ!" ಎಂದಳು ಮೊಮ್ಮಗಳು.

"ಅದ್ಕೇ ಕಣವ್ವ ಪೂಜೆ. ಮಾನ ಹೋಗ್ದಂಗೆ ಕಾಯ್ಲಿ." ಪರೀಕ್ಷೆಯ ದಿನದವರೆಗೂ ಊದುಬತ್ತಿ ತಪ್ಪಲಿಲ್ಲ.

ಇಷ್ಟೆಲ್ಲ ಸಹಿಸಿದವನು ನಾನು ಒಂದೇ ಒಂದು ಪಟದ ಮುಂದೆ ಸೋತೆ. ಅದನ್ನು ಹೇಳದೆ ವಿಧಿಯಿಲ್ಲ.

ಅವಳಿಗೆ ಒಂದು ಪಾಠ ತಲೆಗೇ ಹತ್ತುತ್ತಿರಲಿಲ್ಲ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಹೇಗೆ ಮುಟ್ಟುತ್ತದೆ, ಯಾಕೆ ಮುಟ್ಟುವುದಿಲ್ಲ ಎನ್ನುವುದು. ಎರಡು ಸಲವೂ ಅವಳನ್ನು ಕೆಡವಿದ್ದು ಅದೇ. ಒಂದು ಸಂಜೆ ಜಗಲಿಯಲ್ಲಿ ಕೂತು ಸುಮ್ಮನೆ ನನ್ನ ಹಳೆಯ ಕಥೆ ಹೇಳಿದೆ. ಒಂದು ಮಾಗಿಯ ಮುಂಜಾವು ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಹಳಿಯ ಮೇಲೆ ಬಂಡೆ ಉರುಳಿದೆ, ಗಾಡಿ ಬರುತ್ತಿದೆ. ನಾನು ಕೆಂಪು ದೀಪ ಹಿಡಿದು ಓಡಿದೆ. ಆ ಮಂಜಿನಲ್ಲಿ ಡ್ರೈವರನಿಗೆ ಯಾವ ದೀಪ ಕಾಣಬೇಕು? ಮಂಜಿಗೆಂದೇ ರೈಲ್ವೆ ಕೊಡುವ ಪಟಾಕಿಯನ್ನು ಹಳಿಗೆ ಕಟ್ಟಿದೆ. ಚಕ್ರ ಹತ್ತಿ ಢಂ ಎಂದಿತು, ಗಾಡಿ ನಿಂತಿತು.

ಅವಳು ಚಂಗನೆ ಎದ್ದಳು. "ಅಜ್ಜ! ಹೇಳೋನು ನೀನು, ಕೇಳೋನು ಡ್ರೈವರು, ಅಡ್ಡಿ ಮಂಜು! ಕಣ್ಣಿಗೆ ಮುಟ್ದೇ ಇದ್ದಿದ್ದನ್ನ ಕಿವಿಗೆ ಮುಟ್ಟಿಸ್ದೆ! ಇಡೀ ಪಾಠ ಇಷ್ಟೇ ಅಲ್ವಾ?"

ಬೆಳಗಾಗುವಷ್ಟರಲ್ಲಿ ಜಗಲಿಯಲ್ಲಿ, ತ್ರಿಕೋನ ಬಿಟ್ಟು ಬಾಗಿಲ ಇನ್ನೊಂದು ಬದಿಗೆ, ನನ್ನ ಕುರ್ಚಿಯ ಮೇಲುಗಡೆ ಪಟ ಏರಿತ್ತು. ಮಂಜು, ಇಂಜಿನ್ನು, ದೀಪ, ಎಲ್ಲ ಸರಿ. ಆದರೆ ನಡುವೆ ನಿಂತಿದ್ದ ಮುದುಕ! ಪೊರಕೆಯಂಥ ಮೀಸೆ, ಸೊಟ್ಟಗೆ ಬಾಗಿದ ಎರಡು ಕಾಲು. ಟೀ ಕುಡಿಯಲು ಬಂದ ನನ್ನ ಹಳೆಯ ಗೆಳೆಯ ಗಾರ್ಡ್ ಖಾದರ್ ಸಾಬರು ಅದನ್ನು ನೋಡಿ ಲೋಟವನ್ನೇ ಕೆಳಗಿಟ್ಟರು.

"ಅರೆ ದೋಸ್ತ್, ಮೀಸೆ ನಿಂದೇ! ಆದ್ರೆ ಈ ಕಾಲು ಏನಪ್ಪ? ಇದರ ಸಂದೀಲಿ ಗೂಡ್ಸ್ ಗಾಡಿ ಹಾಯಿಸ್ಬೋದಲ್ಲೋ!"

ಅಷ್ಟಕ್ಕೇ ಬಿಟ್ಟರೆ? ಅರಸೀಕೆರೆಯಿಂದ ಹರಿಹರದವರೆಗೆ ಸ್ಟೇಷನ್ ಸ್ಟೇಷನ್ನಿಗೂ ಹೇಳಿಕೊಂಡು ಹೋದರು. ನನಗೆ ಉರಿಯಿತು. ಮಾರನೆಯ ಬೆಳಿಗ್ಗೆ, ಹುಡುಗಿ ಏಳುವ ಮೊದಲು, ಆ ಪಟವನ್ನು ಕಿತ್ತು ಬಚ್ಚಲಿನ ಹಂಡೆ ಒಲೆಗೆ ಹಾಕಿಬಿಟ್ಟೆ.

"ಅಜ್ಜ, ಮಂಜಿನ ಪಟ ಎಲ್ಲಿ?"

"ಗಾಳಿಗೆ ಹೋತೇನೋ" ಎಂದೆ. ಎಲೆ ಅಲುಗದ ಬೆಳಗು ಅದು.

ಖಾಲಿ ಗೋಡೆಯನ್ನು ಒಂದು ಗಳಿಗೆ ನೋಡಿದಳು. "ಇರ್ಲಿ ಬಿಡಜ್ಜ" ಎಂದಳು. ಬಣ್ಣ ಮುಗಿದಿತ್ತು. ಪರೀಕ್ಷೆಗೆ ಮೂರೇ ದಿನ.

ಪರೀಕ್ಷೆ ಬರೆದು ಬಂದವಳನ್ನು ಅಜ್ಜಿ ಬಾಗಿಲಲ್ಲೇ ಹಿಡಿದಳು. "ಅಮ್ಮಂದು ಬಂತೇನವ್ವ?"

"ಬಂತಜ್ಜಿ, ಮಾನನಷ್ಟ ಬಂತು. ಆದ್ರೆ ದೊಡ್ಡ ಪ್ರಶ್ನೆ ಜಗಲೀದು."

"ಜಗಲೀದು ಅಂದ್ರೆ... ತ್ರಿಕೋನವಾ?" ಎಂದೆ ನಾನು.

"ಇಲ್ಲಜ್ಜ. ಮಂಜಿಂದು. ಏನೋ ಬರ್ದಿದೀನಿ" ಎಂದು ಹೋಗಿ ಮಲಗಿದಳು.

ಆಮೇಲಿನ ಎರಡು ತಿಂಗಳು ನನಗೆ ಅನ್ನ ಸೇರಲಿಲ್ಲ ಎಂದರೆ ನಂಬಿ. ಹಳಿಯ ಪಾಯಿಂಟು ತಪ್ಪಿಸಿ ಗಾಡಿ ಬೀಳಿಸಿದವನಿಗೂ ಒಂದು ವಿಚಾರಣೆ ಎಂದು ನಡೆಯುತ್ತದೆ. ನನ್ನನ್ನು ಯಾರೂ ಕೇಳಲಿಲ್ಲ. ಒಂದು ಮೀಸೆಯ ಸಿಟ್ಟಿಗೆ ಹುಡುಗಿಯ ಕುರ್ಚಿಯನ್ನೇ ಸುಟ್ಟೆನೆ? ಜಗಲಿಯಲ್ಲಿ ಕೂತರೆ ತಲೆಯ ಮೇಲಿನ ಖಾಲಿ ಜಾಗ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು.

ಫಲಿತಾಂಶ ನೋಡಲು ಅವಳೇ ಮೈಸೂರಿಗೆ ಹೋದಳು. ವಾಪಸು ಬರುವುದು ಮೊನ್ನೆ ಗುರುವಾರ ಸಂಜೆಯ ಪ್ಯಾಸೆಂಜರಿಗೆ. ಸಂಜೆಯವರೆಗೆ ನನ್ನ ಜೀವ ನಿಲ್ಲಬೇಕಲ್ಲ? ಅರಸೀಕೆರೆಯಲ್ಲಿ ಅವಳು ಗಾಡಿ ಬದಲಿಸುವಾಗ ಖಾದರ್ ಸಾಬರು ಅಲ್ಲೇ ಡ್ಯೂಟಿಯಲ್ಲಿರುತ್ತಾರೆ. ಅವರ ಗೂಡ್ಸು ಮೊದಲು ಹೊರಟು ಮಧ್ಯಾಹ್ನವೇ ನಮ್ಮೂರನ್ನು ನಿಲ್ಲದೆ ದಾಟುತ್ತದೆ. ಹಿಂದಿನ ವಾರವೇ ಅವರೊಡನೆ ಮಾತಾಡಿದ್ದೆ.

"ಪಾಸಾದ್ರೆ ಹಸಿರು ಬಾವುಟ, ಫೇಲಾದ್ರೆ ಕೆಂಪು."

"ಕೆಂಪು ತೋರ್ಸಿದ್ರೆ ಡ್ರೈವರು ಬ್ರೇಕ್ ಹಾಕ್ತಾನೆ, ನನ್ನ ನೌಕರಿ ಹೋಗ್ತೈತೆ ಮಾರಾಯ!"

"ಹಂಗಾದ್ರೆ ಪಾಸಿಗೆ ಹಸಿರು, ಸಾಕು."

ಗುರುವಾರ ಮಧ್ಯಾಹ್ನ ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ನಿಂತೆ. ಗೂಡ್ಸು ಬಂತು. ಕೊನೆಯ ಡಬ್ಬಿಯಲ್ಲಿ ಖಾದರ್ ಸಾಬರು. ಕೈಯಲ್ಲಿ ಹಸಿರು! ಬೀಸುತ್ತಿದ್ದಾರೆ! ನಾನು ಆ ಸೊಟ್ಟ ಕಾಲಿನಲ್ಲೇ ಮನೆಗೆ ಓಡಿ, "ಪಾಸು ಕಣೇ!" ಎಂದು ಕೂಗಿದೆ. ಹೆಂಡತಿ ಆ ಕ್ಷಣವೇ ಹೋಳಿಗೆಗೆಂದು ಬೇಳೆ ಬೇಯಲು ಇಟ್ಟಳು.

ನನ್ನ ಹಳೆಯ ಕೆಲಸದಲ್ಲಿ ಈಗಿರುವ ಪಾಯಿಂಟ್ಸ್‌ಮನ್ ಹಿಂದೆಯೇ ಬಂದ. "ಏನ್ ಅಜ್ಜಾರೆ, ಹಂಗ್ಯಾಕೆ ಓಡಿದ್ರಿ?" ವಿಷಯ ಹೇಳಿದೆ. ಅವನು ತಲೆ ಕೆರೆದುಕೊಂಡ. "ಅಲ್ರೀ, ನಿಲ್ದೇ ಹೋಗೋ ಗಾಡಿ ಗಾರ್ಡು ಎಲ್ಲಾ ಸ್ಟೇಷನ್ನಿಗೂ ಹಸಿರೇ ಅಲ್ವೇನ್ರಿ ತೋರ್ಸೋದು?"

ಹೌದಲ್ಲ! ಮೂವತ್ತು ವರ್ಷ ಆ ಹಸಿರಿಗೆ ಎದುರು ಹಸಿರು ತೋರಿಸಿದವನು ನಾನು. ಅಷ್ಟೇ ವರ್ಷ ಬೀಸಿದವರು ಅವರು. ಇಬ್ಬರಲ್ಲಿ ಒಬ್ಬನಿಗಾದರೂ ಹೊಳೆಯಬೇಡವೆ? ಮೆಟ್ಟಿಲ ಮೇಲೆ ಕುಸಿದು ಕೂತೆ.

"ಈಗ ಈ ಬೇಳೆ ಏನ್ ಮಾಡ್ಲಿ? ಹೂರಣ ರುಬ್ಬಲೋ, ಬರೀ ಸಾರು ಮಾಡ್ಲೋ?" ಎಂದಳು ಹೆಂಡತಿ.

"ಹಂಗೇ ಇಡು" ಎಂದೆ. ಹಿರಿಯೂರಿನಿಂದ ಮಗ, ಸೊಸೆ ಬಸ್ಸಿಳಿದು ಬಂದರು. ಮುಚ್ಚಳದ ಕೆಳಗೆ ಬೇಳೆಯೂ ನಮ್ಮಂತೆಯೇ ಕಾಯುತ್ತ ಕೂತಿತ್ತು.

ಸಂಜೆ ಪ್ಯಾಸೆಂಜರು ನಿಂತಿತು. ಇಳಿದಳು. ಮುಖ ನೋಡಿದರೆ ಬರೀ ಇಂಜಿನ್ ಮಸಿ, ಏನೂ ಓದಲಾಗಲಿಲ್ಲ.

"ಯಾಕಜ್ಜ ಹಿಂಗೆ ನಿಂತಿದೀಯ? ಖಾದರಜ್ಜ ಹೇಳ್ಲಿಲ್ವಾ?"

"ಹೇಳಿದ್ರವ್ವ. ಆದ್ರೆ ಅವ್ರು ದಿನಾ ಹೇಳೋದನ್ನೇ ಹೇಳಿದ್ರು."

ಅವಳು ಟ್ರಂಕನ್ನು ಅಲ್ಲೇ ಬಿಟ್ಟು, ನನ್ನ ಕಿವಿಯ ಹತ್ತಿರ ಬಾಯಿ ತಂದು, ಇಡೀ ಸ್ಟೇಷನ್ ತಿರುಗುವಂತೆ ಕೂಗಿದಳು: "ಢಂ!"

ಕಣ್ಣಿಗೆ ಮುಟ್ಟದ್ದು ಕಿವಿಗೆ ಮುಟ್ಟಿತು.

ಅಂದು ರಾತ್ರಿ ಎಲ್ಲರೂ ಜಗಲಿಯಲ್ಲೇ ಸಾಲಾಗಿ ಕೂತೆವು. ನಾನು, ಮಗ, ಸೊಸೆ, ಮೊಮ್ಮಗಳು. ಬಡಿಸಿ ಮುಗಿಸಿ ಹೆಂಡತಿಯೂ ಕೂತಳು. ಬಿಸಿ ಹೋಳಿಗೆ, ತುಪ್ಪ, ಅದೇ ಬೇಳೆ ಬಸಿದ ಕಟ್ಟಿನ ಸಾರು. ಮೊದಲ ತುತ್ತನ್ನು ಎಲೆಯಲ್ಲೇ ಬಿಟ್ಟೆ.

"ಅವ್ವಾ, ಆ ಪಟ ಗಾಳಿಗೆ ಹೋಗ್ಲಿಲ್ಲ. ನಾನೇ ಒಲೆಗೆ ಹಾಕ್ದೆ."

"ಗೊತ್ತಜ್ಜ" ಎಂದಳು, ಹೋಳಿಗೆ ಮುರಿಯುತ್ತ. "ಅವತ್ತು ನೀರು ಕಾಸಾಕೆ ಹೋದಾಗ ಬೂದೀಲಿ ನಿನ್ನ ಅರ್ಧ ಮೀಸೆ ಉಳಿದಿತ್ತು."

ಮಗ ನಕ್ಕ ರಭಸಕ್ಕೆ ಸಾರು ನೆತ್ತಿಗೇರಿತು.

"ಮತ್ತೆ ಉತ್ತರ ಹೆಂಗೆ ಬರ್ದೆಯವ್ವ?" ಎಂದೆ.

"ಕಣ್ಣು ಮುಚ್ಕಂಡು ಜಗಲಿಗೆ ಬಂದೆ ಅಜ್ಜ. ಗೋಡೆ ನೋಡಿದ್ರೆ ಖಾಲಿ. ಕೆಳಗೆ ನೋಡ್ದೆ, ಕುರ್ಚೀಲಿ ನೀನು ಕುಂತಿದ್ದೆ. ನಿನ್ನ ನೋಡ್ಕಂಡೇ ಬರ್ದೆ."

ಹೆಂಡತಿ ಎದ್ದು ಇನ್ನೊಂದು ಹೋಳಿಗೆ ತಂದಳು. ಸಾಕು ಎನ್ನಲು ಎರಡೂ ಕೈ ಮೇಲೆತ್ತಿದೆ. ರೈಲ್ವೆಯಲ್ಲಿ ಹಾಗೆಂದರೆ ಗಾಡಿ ನಿಲ್ಲಲೇಬೇಕು. ಆದರೆ ನಲವತ್ತೈದು ವರ್ಷದಿಂದ ನನ್ನ ಯಾವ ಸಿಗ್ನಲ್ಲಿಗೂ ನಿಲ್ಲದವಳು ಅವಳು. ಬಡಿಸಿ, ಮೇಲೆ ತುಪ್ಪವನ್ನೂ ಸುರಿದಳು. ಖಾಲಿ ಗೋಡೆಗೆ ಬೆನ್ನು ಕೊಟ್ಟು, ಸೊಟ್ಟ ಕಾಲು ಮಡಚಿಕೊಂಡು, ನನ್ನ ಜನರ ನಡುವೆ ಕೂತು ಅದನ್ನೂ ತಿಂದೆ.