ಪಬ್ಬಿನ ಹೊಸ್ತಿಲಿಗೆ ಕುಂಕುಮ

ಜನ್ಮದಲ್ಲಿ ಮದ್ಯ ಮುಟ್ಟದ ಮನುಷ್ಯನೊಬ್ಬ ಶುಕ್ರವಾರ ತಪ್ಪಿಸದೆ ಪಬ್ಬಿಗೆ ಹೋಗಿ, ಅದರ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಒಂದು ಬಟ್ಟಲು ಟೊಮೇಟೊ ಸೂಪು ಕುಡಿದು ಬರುತ್ತಾನೆಂದರೆ ಅವನನ್ನು ನೀವು ಯಾವ ಪಂಗಡಕ್ಕೆ ಸೇರಿಸುತ್ತೀರಿ? ಭಕ್ತರ ಪಂಗಡಕ್ಕೋ, ಕುಡುಕರ ಪಂಗಡಕ್ಕೋ? ಕಾಲೇಜಿನ ಚರ್ಚಾಕೂಟಗಳಲ್ಲಿ ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ವಾದಿಸಿ ಪಳಗಿದವನು ನಾನು. ಆದರೆ ನನ್ನ ಹೆಂಡತಿಯ ಸೋದರಮಾವನ ವಿಷಯದಲ್ಲಿ ಯಾವ ಪಕ್ಷದಲ್ಲಿ ನಿಲ್ಲಬೇಕೆಂಬುದು ನನಗೆ ಬಹುಕಾಲ ತಿಳಿಯಲೇ ಇಲ್ಲ.

ಮಾವ ಧಾರವಾಡದ ಕಡೆಯವರು. ಸೇತುವೆಗಳ ವಿನ್ಯಾಸ ಮಾಡುವ ಎಂಜಿನಿಯರಾಗಿ ದುಡಿದು ನಿವೃತ್ತರಾದವರು. ತೊಂಬತ್ತರ ದಶಕದ ಆರಂಭದಲ್ಲಿ ನಾವು ವಾಷಿಂಗ್ಟನ್‌ಗೆ ಬಂದಾಗ ಅವರ ಹೆಂಡತಿ, ಅಂದರೆ ನಮ್ಮ ಅತ್ತೆ, ಆಗಲೇ ತೀರಿಕೊಂಡಿದ್ದರು. ನಾನು ಅವರನ್ನು ಕಂಡವನಲ್ಲ. ನದಿಯಾಚೆ, ವರ್ಜೀನಿಯಾದ ಹಳೆಯ ಪಟ್ಟಣವೊಂದರ ಅಪಾರ್ಟ್‌ಮೆಂಟಿನಲ್ಲಿ ಮಾವ ಒಬ್ಬರೇ ಇದ್ದರು. ಅವರ ಮನೆಯಿಂದ ಕೂಗಳತೆಯ ದೂರದಲ್ಲಿತ್ತು ಆ ಇಂಗ್ಲಿಷ್ ಪಬ್ಬು.

ಅದರ ಚರಿತ್ರೆಯನ್ನು ಕೇಳಬೇಕಾದರೆ ಮಾವನ ಬಾಯಿಂದಲೇ ಕೇಳಬೇಕು. ಪಬ್ಬಿನ ಮಾಲೀಕ ಇಂಗ್ಲೆಂಡಿನವನು. ಅಲ್ಲಿ ಪಾಳುಬಿದ್ದಿದ್ದ ತನ್ನ ಪೂರ್ವಿಕರ ಪಬ್ಬಿನ ತೊಲೆ, ಕಂಬ, ಬಾಗಿಲುಗಳನ್ನೆಲ್ಲ ಬಿಚ್ಚಿಸಿ, ಹಡಗಿಗೆ ಹೇರಿಸಿ ತಂದು ಇಲ್ಲಿ ಮರಳಿ ಜೋಡಿಸಿದನಂತೆ. ಮರದ ಜೊತೆಗೆ ಅಲ್ಲಿನ ದೆವ್ವಗಳೂ ಬಂದವಂತೆ! ನಾವೆಲ್ಲ ವೀಸಾಕ್ಕಾಗಿ ಬಿಸಿಲಲ್ಲಿ ಸಾಲುಗಟ್ಟಿ ನಿಂತು, ಅಧಿಕಾರಿಯ ಮುಂದೆ ಹಲ್ಲುಗಿಂಜಿ ಬಂದವರು. ಇವು ತೊಲೆಯೊಳಗೆ ಮಲಗಿ, ಒಂದು ಅರ್ಜಿಯನ್ನೂ ತುಂಬದೆ, ಖಾಯಂ ನಿವಾಸಿಗಳಾಗಿಬಿಟ್ಟಿದ್ದವು.

ಅವುಗಳಲ್ಲಿ ಮುಖ್ಯವಾದವು ಎರಡು. ಒಂದು, ತಲೆಯಿಲ್ಲದ ದರೋಡೆಕೋರನದು. ಇನ್ನೊಂದು, ಹಳೆಯ ಪಬ್ಬಿನ ಯಜಮಾನನ ಹೆಂಡತಿಯದು. ಗಂಡ ಸಂತೆಗೆಂದು ಹೋದವನು ಬರಲಿಲ್ಲ. ಅವನ ದಾರಿ ಕಾಯುತ್ತ ಬಾಗಿಲಲ್ಲೇ ನಿಂತು ಅವಳು ಸತ್ತಳು. ಈಗಲೂ ಶುಕ್ರವಾರ ಮಧ್ಯಾಹ್ನ ಬಾಗಿಲು ತಾನಾಗಿ ತೆರೆಯುತ್ತದೆ, ಅವಳು ಹೊಸ್ತಿಲವರೆಗೆ ಬರುತ್ತಾಳೆ, ಒಳಗೆ ಮಾತ್ರ ಬರುವುದಿಲ್ಲ. ಮಾಲೀಕ ಹೇಳುತ್ತಿದ್ದ ಕಥೆ ಇಷ್ಟೇ. ಮಾವ ಅದಕ್ಕೆ ವರ್ಷವರ್ಷವೂ ಒಗ್ಗರಣೆ ಹಾಕುತ್ತ ಹೋದರು. ನನ್ನ ಕಾಲಕ್ಕೆ ಆ ದೆವ್ವ ಹೊಸ್ತಿಲಾಚೆ ನಿಂತು, ಒಳಗಿರುವವರನ್ನು "ಊಟ ಆತೇನು?" ಎಂದು ಕೇಳುವ ಹಂತ ತಲುಪಿತ್ತು.

"ಮಾವ, ಇಂಗ್ಲೆಂಡಿನ ದೆವ್ವ ಊಟ ಆಯ್ತಾ ಅಂತ ಕೇಳತ್ತಾ?" ಎಂದು ನಾನು ಆಕ್ಷೇಪಿಸಿದೆ.

"ಸತ್ತ ಮ್ಯಾಲೆ ಬ್ಯಾರೆ ಏನ್ ಕೆಲಸ ಇರತೈತ್ರಿ ಅಳಿಯಂದ್ರೇ, ಅವ್ರಿಗೆ?" ಎಂದರು ಮಾವ, ಸೂಪಿಗೆ ಮೆಣಸಿನಪುಡಿ ಉದುರಿಸಿಕೊಳ್ಳುತ್ತ.

ಮೂಢನಂಬಿಕೆಯನ್ನು ಕಂಡಲ್ಲಿ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಒಂದು ಶುಕ್ರವಾರ ನಾನು ಆ ಬಾಗಿಲನ್ನು ಕೂಲಂಕಷವಾಗಿ ಪರೀಕ್ಷಿಸಿ, ಅದರ ಸ್ಪ್ರಿಂಗು ಸಡಿಲವಾಗಿರುವುದನ್ನೂ, ಎದುರಿನ ರಸ್ತೆಯಲ್ಲಿ ದೊಡ್ಡ ಬಸ್ಸು ಹೋದಾಗಲೆಲ್ಲ ಬಾಗಿಲು ತೆರೆದುಕೊಳ್ಳುವುದನ್ನೂ ಸಪ್ರಮಾಣವಾಗಿ ಸ್ಥಾಪಿಸಿದೆ. ಮಾವ ಗಂಭೀರವಾಗಿ ತಲೆದೂಗಿ, "ಖರೇ. ಆ ಸ್ಪ್ರಿಂಗ್ ಸಡ್ಲ ಮಾಡಿದಾಕಿ ಯಾರು?" ಎಂದು ಕೇಳಿದರು. ಇಂಥ ಪ್ರತಿವಾದಿಯನ್ನು ಯಾವ ಚರ್ಚಾಕೂಟದಲ್ಲಿ ಕಂಡಿದ್ದೀರಿ?

ಕುಂಕುಮದ್ದೇ ಇನ್ನೊಂದು ಕಥೆ. ಮಾವ ಹಚ್ಚಿ ಹೋಗುತ್ತಿದ್ದರು, ಸಂಜೆ ಕೆಲಸದವರು ಒರೆಸುತ್ತಿದ್ದರು, ಮುಂದಿನ ಶುಕ್ರವಾರ ಅದು ಮತ್ತೆ ಪ್ರತ್ಯಕ್ಷವಾಗುತ್ತಿತ್ತು. ಹೊಸದಾಗಿ ಸೇರಿದ ಪರಿಚಾರಿಕೆಯೊಬ್ಬಳು ಗಿರಾಕಿಗಳಿಗೆ ಇದು ದರೋಡೆಕೋರನ ರಕ್ತವೆಂದೂ, ಎಷ್ಟು ತೊಳೆದರೂ ಮರಳಿ ಮೂಡುತ್ತದೆಂದೂ ಹೇಳತೊಡಗಿದಳು. ಕೆಲವೇ ತಿಂಗಳಲ್ಲಿ ಆ ರಕ್ತದ ಕಲೆ ಮೆನು ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಯಿತು. ಅಟ್ಲಾಂಟಾದ ಬಳಿಯ ಡುಲುತ್‌ನಿಂದ ನಮ್ಮ ನೆಂಟರು ರಾಜಧಾನಿಯನ್ನು ನೋಡಲು ಬಂದಾಗ ಮಾವ ಅವರನ್ನು ಶ್ವೇತಭವನಕ್ಕಿಂತ ಮೊದಲು ಇಲ್ಲಿಗೇ ಕರೆತಂದರು. ನೆಂಟರಾಕೆ ಆ ಭೀಕರ ರಕ್ತವನ್ನು ಬಗ್ಗಿ ನೋಡಿ, ಬೆರಳಿನಿಂದ ಮುಟ್ಟಿ, "ಅಂಕಲ್, ಇದು ಯಾವ ಅಂಗಡೀದು? ನಮ್ಮಲ್ಲಿ ಇಷ್ಟು ಒಳ್ಳೆ ಕುಂಕುಮ ಸಿಗಲ್ಲ" ಎಂದರು. ಅವರು ಆ ರಕ್ತವನ್ನು ಹಣೆಗಿಟ್ಟುಕೊಂಡದ್ದನ್ನು ಕಂಡು ಪರಿಚಾರಿಕೆ ಒಳಗೆ ಓಡಿದಳು.

ಹೀಗೆ ನಗುತ್ತಲೇ ಇದ್ದೆವು. ಮಾವ ಏಕೆ ಹಚ್ಚುತ್ತಾರೆಂದು ಮಾತ್ರ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ವಿಚಿತ್ರ ಮನುಷ್ಯ ಎಂಬ ಒಂದು ಮಾತಿನಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿಕ್ಕಿಬಿಟ್ಟಿತ್ತು.

ಆ ವರ್ಷಗಳಲ್ಲೇ, ಗಾಲಿಕುರ್ಚಿಯಲ್ಲಿರುವವರೂ ಸಾರ್ವಜನಿಕ ಸ್ಥಳಗಳಿಗೆ ಸಲೀಸಾಗಿ ಬರುವಂತಿರಬೇಕೆಂಬ ಕಾನೂನು ಜಾರಿಗೆ ಬಂದಿತ್ತು. ಪಬ್ಬಿನ ಎತ್ತರದ ಹೊಸ್ತಿಲನ್ನು ಕಿತ್ತು ಇಳಿಜಾರು ಮಾಡಿಸುವುದಾಗಿ ಮಾಲೀಕ ಹೇಳಿದ. ಎಂದೂ ಯಾರಿಂದಲೂ ಏನನ್ನೂ ಬೇಡದ ಮಾವ ಅಂದು ನನಗೆ ಫೋನ್ ಮಾಡಿದರು. "ಅಳಿಯಂದ್ರೇ, ನಿಮ್ಮ ಡಿಬೇಟ್ ನನಗೊಂದ್ ಸಲ ಬೇಕಾಗೇದ. ಆ ಹೊಸ್ತಿಲಾ ಉಳಸ್ರಿ."

ನನ್ನ ಸಂಕಟವನ್ನು ಏನೆಂದು ಹೇಳಲಿ? ಆ ಕಾನೂನಿನ ಪರವಾಗಿ ಕನ್ನಡ ಸಂಘದ ವೇದಿಕೆಯಲ್ಲಿ ಆವೇಶದಿಂದ ಮಾತನಾಡಿದವನೇ ನಾನು. ಗಾಲಿಕುರ್ಚಿಯವರಿಗೆ ಪಕ್ಕದ ಬಾಗಿಲಿರಲಿ ಎಂದು ವಾದಿಸಬಹುದಿತ್ತು. ಆದರೆ ಕೆಲವರನ್ನು ಮುಂಬಾಗಿಲಿನಿಂದಲೂ ಕೆಲವರನ್ನು ಹಿಂಬಾಗಿಲಿನಿಂದಲೂ ಬರಮಾಡಿಕೊಳ್ಳುವ ಪದ್ಧತಿಯನ್ನು ಜೀವನವಿಡೀ ವಿರೋಧಿಸಿದ ನಾಲಿಗೆ ಅದಕ್ಕೆ ಹೊರಳಲಿಲ್ಲ. ಉಳಿದದ್ದು ಇತಿಹಾಸವೊಂದೇ. ಶುಕ್ರವಾರ ಊಟದ ಹೊತ್ತಿಗೆ ಮಾಲೀಕನನ್ನು ನಮ್ಮ ಮೇಜಿಗೆ ಕರೆದು, ಪುರಾತನ ವಸ್ತುಗಳ ಪಾವಿತ್ರ್ಯವನ್ನು ಕುರಿತು ಸೊಗಸಾಗಿಯೇ ವಾದಿಸಿದೆ. ಶತಮಾನಗಳ ಪಾದಗಳು ಸವೆಸಿದ ಹಲಗೆ, ಸಾಗರ ದಾಟಿ ಬಂದ ಹಲಗೆ, ಒಬ್ಬ ಹೆಣ್ಣಿನ ನಿರೀಕ್ಷೆಯನ್ನು ಹೊತ್ತ ಹಲಗೆ ಎಂದೆಲ್ಲ ಏರುತ್ತ ಹೋದೆ.

ಮಾಲೀಕ ಕೊನೆಯವರೆಗೂ ಸಹನೆಯಿಂದ ಕೇಳಿದ. ಆಮೇಲೆ ದನಿ ತಗ್ಗಿಸಿ, ತೊಲೆಗಳೇನೋ ಇಂಗ್ಲೆಂಡಿನವು, ಹೊಸ್ತಿಲು ಮಾತ್ರ ದಾರಿಯಲ್ಲಿ ಮುರಿದುಹೋಗಿತ್ತು, ಇದು ಕೆರೊಲಿನಾದ ಬಡಗಿಯೊಬ್ಬ ಪೈನ್ ಮರದಲ್ಲಿ ಮಾಡಿಕೊಟ್ಟದ್ದು ಎಂದು ಒಪ್ಪಿಕೊಂಡ. ತೀರ್ಪುಗಾರರಿಲ್ಲದಿದ್ದರೂ ನನ್ನ ಸೋಲು ಸ್ಪಷ್ಟವಾಗಿತ್ತು. ಏಳುವ ಮುನ್ನ ಅವನು ಇನ್ನೊಂದು ಮಾತು ಹೇಳಿದ. ಹಿಂದಿನ ವಾರ ಯಾರೋ ಮುದುಕಿ ಗಾಲಿಕುರ್ಚಿಯಲ್ಲಿ ಬಾಗಿಲವರೆಗೆ ಬಂದು, ಒಳಗೆ ಒಮ್ಮೆ ಇಣುಕಿ, ಹಾಗೆಯೇ ಹೊರಟುಹೋದಳಂತೆ.

ಮಾವ ಚಮಚ ಕೆಳಗಿಟ್ಟು ಬಾಗಿಲ ಕಡೆ ತಿರುಗಿದರು. ಬಳಿಕ ಮಾಲೀಕನಿಗೆ ಇಂಗ್ಲಿಷಿನಲ್ಲಿ, ಅದನ್ನು ತೆಗೆದುಬಿಡಿ, ಅವಳು ಒಳಗೆ ಬರಲಿ ಎಂದರು.

ಮಾಲೀಕ ದೆವ್ವದ ಮಾತೆಂದುಕೊಂಡು ನಕ್ಕ. ನಾನೂ ಹಾಗೆಯೇ ತಿಳಿದೆ. ಕಾರಿನಲ್ಲಿ ಅವರನ್ನು ಮನೆಗೆ ಬಿಡುವಾಗ, ಹಲಗೆಯ ವಿಷಯ ಗೊತ್ತಿರಲಿಲ್ಲವೇ ಎಂದು ಕೇಳಿದೆ.

"ಎಂಜಿನಿಯರ್ ಆಗಿ ಪೈನ್ ಗುರ್ತು ಹಿಡಿಯಾಂಗಿಲ್ಲೇನ್ರಿ? ಮೊದಲನೇ ದಿನಾನೇ ಗೊತ್ತಿತ್ತು." ಎಂದರು ಮಾವ. "ನಮ್ಮ ಅಪಾರ್ಟ್‌ಮೆಂಟಿಗೆ ಹೊಸ್ತಿಲಾ ಎಲ್ಲೈತಿ? ಬಾಗಲಾ ತಗದ್ರ ಕಾರ್ಪೆಟ್. ನಿಮ್ಮತ್ತಿ ಈ ಪಬ್ಬಿನ ಹೊಸ್ತಿಲಾ ನೋಡಿ, ಈ ಊರಾಗ ಇದೊಂದೇ ಮನಿ ಇದ್ದಂಗ ಕಾಣ್ತದ ನೋಡ್ರಿ ಅಂದ್ಲು. ಶುಕ್ರವಾರಕ್ಕೊಮ್ಮೆ ಬಂದು ಕುಂಕುಮ ಹಚ್ಚಾಕಿ. ಆಮ್ಯಾಲೆ ಕಾಲು ಹೋತು. ಗಾಲಿಕುರ್ಚಿ ಹೊಸ್ತಿಲಾ ದಾಟಂಗಿಲ್ಲ. ಎತ್ತಿ ಒಳಗ ತರತೀವಿ ಅಂದ್ರ, ನಾಲ್ಕ ಮಂದಿ ಎತ್ತೋದು ಒಂದ್ ಸಲ ಸಾಕು, ಬ್ಯಾಡ ಅಂದ್ಲು. ನಾನು ಒಳಗ ಉಣ್ಣಬೇಕು, ಆಕಿ ಬಾಗಲಾಗ. ನನ್ನ ಪ್ಲೇಟ್ ಖಾಲಿ ಆತೋ ಇಲ್ಲೋ, ಅಲ್ಲಿಂದಾನೇ ಕೇಳಾಕಿ."

ಏನು ಕೇಳುತ್ತಿದ್ದರೆಂದು ನಾನು ವಿಚಾರಿಸಲಿಲ್ಲ. ವರ್ಷಗಟ್ಟಲೆ ಅದನ್ನೇ ಕೇಳಿಸಿಕೊಂಡು ನಕ್ಕಿದ್ದೆವಲ್ಲ.

ಹೊಸ್ತಿಲು ಹೋದ ಮೇಲಿನ ಮೊದಲ ಶುಕ್ರವಾರ ನಾನೂ ಅವರೊಂದಿಗೆ ಹೋದೆ. ನುಣುಪಾದ ಇಳಿಜಾರಿನ ಮುಂದೆ ಮಾವ ಕುಂಕುಮದ ಭರಣಿ ತೆಗೆದರು, ಎಲ್ಲಿ ಹಚ್ಚುವುದೆಂದು ತಿಳಿಯದೆ ಮತ್ತೆ ಜೇಬಿಗಿಟ್ಟರು. ಕಿಟಕಿಯ ಬಳಿಯ ಮೇಜಿಗೆ ಹೋಗಿ, ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಎದುರಿನ ಕುರ್ಚಿಯನ್ನು ಎತ್ತಿ ಬೇರೆ ಮೇಜಿಗೆ ಸರಿಸಿದರು. ಅಲ್ಲಿ ಗಾಲಿಕುರ್ಚಿಯೊಂದು ಹಿಡಿಯುವಷ್ಟು ಜಾಗವಾಯಿತು. ಹೊರಗೆ ಬಸ್ಸು ಹೋಯಿತು, ಬಾಗಿಲು ತೆರೆದುಕೊಂಡಿತು. ನಾನು ಸ್ಪ್ರಿಂಗಿನ ಮಾತೆತ್ತಲಿಲ್ಲ.

"ಊಟ ಇನ್ನೂ ಆಗಿಲ್ಲ. ಬಾ," ಎಂದರು ಮಾವ.

ಸ್ನೇಹಿತರೇ, ನಮ್ಮ ಕನ್ನಡ ಸಂಘದ ಸಭಾಂಗಣದ ಬಾಗಿಲಿಗೂ ಮೆಟ್ಟಿಲಿದೆ, ನಿಮ್ಮಲ್ಲಿ ಹಲವರ ಮನೆಯ ಮುಂದೆಯೂ ಇದೆ. ಮುಂದಿನ ಹಬ್ಬದ ಊಟಕ್ಕೆ ಜನರನ್ನು ಕರೆಯುವ ಮೊದಲು ದಯವಿಟ್ಟು ಅದರ ಪಕ್ಕದಲ್ಲಿ ಒಂದು ಇಳಿಜಾರು ಹಾಕಿಸಿ.