ಬಲಗಡೆಯಿಂದ ಬಂದ ಗುಬ್ಬಿ

ಇಂಗ್ಲಿಷ್–ತಮಿಳು–ಕನ್ನಡ ನಿಘಂಟು ಕಚೇರಿಯಲ್ಲಿ ನಿರ್ದೇಶಕರ ಸಹಿ ಬೀಳುವವರೆಗೆ ಯಾವ ಪದಕ್ಕೂ ಅರ್ಥವಿರುವುದಿಲ್ಲ. ಆದ್ದರಿಂದ ಅನುವಾದಕಿ ‘ಆಸ್ಪಿಶಸ್’ ಎಂಬ ಇಂಗ್ಲಿಷ್ ಪದದ ಹಾಳೆ ಹಿಡಿದು ಅವರ ಕೋಣೆಗೆ ಹೋದಳು. ಉಳಿದೆಲ್ಲ ಪದಗಳಿಗೂ ಸಹಿಯಾಗಿತ್ತು. ಇದೊಂದು ಮುಗಿದರೆ ನಿಘಂಟು ಅಚ್ಚಾಗುತ್ತಿತ್ತು. ಒಳಪುಟದಲ್ಲಿ ತನ್ನ ಹೆಸರನ್ನು ಅಮ್ಮನಿಗೆ ತೋರಿಸಬೇಕೆಂಬುದು ಅವಳ ಬಹುದಿನದ ಆಸೆ.

“ಶುಭಸೂಚಕ ಅಂತ ಬರ್ದಿದೀರಿ. ಮೂಲ ಏನು?” ಎಂದರು ನಿರ್ದೇಶಕರು.

“ಲ್ಯಾಟಿನ್ ಸರ್. ‘ಅವಿಸ್’ ಅಂದ್ರೆ ಹಕ್ಕಿ, ‘ಸ್ಪೆಕೆರೆ’ ಅಂದ್ರೆ ನೋಡೋದು. ಹಿಂದೆ ರೋಮಿನಲ್ಲಿ ಹಕ್ಕಿ ಹಾರೋದನ್ನ ನೋಡ್ಕೊಂಡು ದೊಡ್ಡ ಕೆಲಸಕ್ಕೆ ಕೈ ಹಾಕ್ತಿದ್ರು.”

“ತಮಿಳಲ್ಲಿ?”

“‘ನಲ್ಲ ಸಗುನಂ’, ‘ಮಂಗಳಕರಮಾನ’ ಅಂತಾರೆ. ಹಳೇ ತಮಿಳಲ್ಲಿ ‘ಪುಳ್’ ಅಂದ್ರೆ ಹಕ್ಕಿನೂ ಹೌದು, ಶಕುನವೂ ಹೌದು. ಸಂಸ್ಕೃತದ ‘ಶಕುನ’ ಕೂಡ ಹಕ್ಕಿಯೇ ಸರ್.”

ನಿರ್ದೇಶಕರು ಪೆನ್ನು ಕೆಳಗಿಟ್ಟರು. “ಅಂದ್ರೆ ಇಷ್ಟು ದಿನ ನಾನು ಹಕ್ಕಿನೇ ನೋಡದೆ ಸಹಿ ಹಾಕ್ತಿದ್ನಾ?”

“ಅದು ಬರೀ ಪದದ ಮೂಲ ಸರ್...”

“ಮೂಲ ಬಿಟ್ಟು ಅರ್ಥ ಇರುತ್ತೇನಮ್ಮ?”

ಮಧ್ಯಾಹ್ನವೇ ಸುತ್ತೋಲೆ ಹೊರಬಿತ್ತು: “ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಹಕ್ಕಿಯೊಂದು ಬಲಗಡೆಯಿಂದ ಬಂದುದನ್ನು ದೃಢಪಡಿಸಿಕೊಳ್ಳದೆ ಯಾವ ಪುಟವನ್ನೂ ಅಚ್ಚಿಗೆ ಕಳುಹಿಸತಕ್ಕದ್ದಲ್ಲ. ಎಡಗಡೆಯಿಂದ ಬಂದ ಹಕ್ಕಿಯನ್ನು ಸೂಕ್ತ ತಿಳಿವಳಿಕೆ ನೀಡಿ ಹಿಂದಿರುಗಿಸತಕ್ಕದ್ದು.”

ವಿಷಯ ಬಲ್ಲವಳೆಂದು ಅನುವಾದಕಿಯನ್ನೇ ಪಕ್ಷಿವೀಕ್ಷಣಾಧಿಕಾರಿಯಾಗಿ ನೇಮಿಸಿ ತಾರಸಿಗೆ ಕಳಿಸಲಾಯಿತು. ಅವಳ ಕುರ್ಚಿಗೆ ನಿರ್ದೇಶಕರ ಭಾಮೈದ ಬಂದ. ಅವನಿಗೆ ತಮಿಳೂ ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಹೀಗಾಗಿ ಪಕ್ಷಪಾತದ ಪ್ರಶ್ನೆಯೇ ಇರಲಿಲ್ಲ.

ತಾರಸಿಗೆ ಒಂದು ಹಕ್ಕಿಯೂ ಸುಳಿಯಲಿಲ್ಲ. ಪಾರಿವಾಳಗಳು ಗಲೀಜು ಮಾಡುತ್ತವೆಂದು ಕಚೇರಿಯೇ ಅದರ ಮೇಲೆ ಬಲೆ ಹಾಕಿಸಿತ್ತು. ಬಲೆ ತೆಗೆಸಿ ಎಂದು ಅವಳು ಕೇಳಿದಳು. “ಬಲೆ ತೆಗೆಯೋಕೆ ಒಳ್ಳೆ ಗಳಿಗೆ ಬೇಕು. ಒಳ್ಳೆ ಗಳಿಗೆಗೆ ಹಕ್ಕಿ ಬೇಕು. ತರಾತುರಿ ಮಾಡಬೇಡಿ,” ಎಂದರು ನಿರ್ದೇಶಕರು.

ನಿಘಂಟಿನ ಬಿಡುಗಡೆಯ ದಿನ ಹತ್ತಿರವಾದಂತೆ ನಿರ್ದೇಶಕರಿಗೇ ತರಾತುರಿ ಶುರುವಾಯಿತು. ದಾರಿ ತೋರಿಸಿದವನು ಭಾಮೈದ.

“ಭಾವ, ನಮ್ಮ ಟೈಪಿಸ್ಟನ್ನ ಎಲ್ಲರೂ ಗುಬ್ಬಿ ಅಂತಾನೇ ಅಲ್ವಾ ಕರೆಯೋದು?”

ಕುಳ್ಳಗೆ ಸಣಕಲಾಗಿದ್ದ ಟೈಪಿಸ್ಟ್ ಬಂದು ನಿಂತಳು. ಎಲ್ಲ ಕೇಳಿಸಿಕೊಂಡು ಒಂದೇ ಅನುಮಾನ ಎತ್ತಿದಳು: “ನಡ್ಕೊಂಡು ಬಂದ್ರೆ ಸಾಕಾ ಸರ್, ಹಾರ್ಬೇಕಾ?”

“ಸದ್ಯಕ್ಕೆ ನಡೀರಿ. ಹಾರೋದು ಬಡ್ತಿ ಸಿಕ್ಕ ಮೇಲೆ.”

“ಸರ್, ಇವ್ರು ಮನುಷ್ಯರು!” ಎಂದಳು ಅನುವಾದಕಿ.

“ಒಳಪುಟದಲ್ಲಿ ನಿಮ್ಮ ಹೆಸರು ಬೇಕೋ ಬೇಡ್ವೋ?”

ಅನುವಾದಕಿಗೆ ಅಮ್ಮನ ಮುಖ ಕಣ್ಮುಂದೆ ಬಂತು. ಗುಬ್ಬಿ ಬಲಗಡೆಯಿಂದ ನಡೆದು ಬಂದಾಗ “ಹಕ್ಕಿ ಬಂತು, ಬಲಗಡೆಯಿಂದ” ಎಂದು ಬರೆದಳು. ಮೊದಲ ಪುಟಕ್ಕೆ ಬರೆಯುವಾಗ ತಲೆಯೆತ್ತಿ ಗುಬ್ಬಿಯತ್ತ ನೋಡಿದಳು. ಎರಡನೆಯದಕ್ಕೆ ನೋಡಲಿಲ್ಲ.

ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ಬಿಡುಗಡೆಗೂ ಹಕ್ಕಿ ಬಲಗಡೆಯಿಂದಲೇ ಬರಬೇಕೆಂದು ನಿರ್ದೇಶಕರ ಅಪ್ಪಣೆಯಾಗಿತ್ತು. ಗುಬ್ಬಿ ಇನ್ನೇನು ಬಲಬಾಗಿಲಿನಿಂದ ಹೊರಡಬೇಕು, ಅಷ್ಟರಲ್ಲಿ ಕಿಟಕಿಯಿಂದ ನಿಜವಾದ ಹಕ್ಕಿಯೊಂದು ಪುರ್ರನೆ ಹಾರಿಬಂದು ಅಚ್ಚಾದ ನಿಘಂಟುಗಳ ಮೇಲೆ ಕೂತಿತು. ಬಂದದ್ದೂ ಬಲಗಡೆಯಿಂದಲೇ.

“ಇದಕ್ಕೆ ಅನುಮತಿ ಕೊಟ್ಟೋರು ಯಾರು?” ನಿರ್ದೇಶಕರ ಮುಖ ಬಿಳಿಚಿಕೊಂಡಿತು. ಎಲ್ಲರೂ ಪಕ್ಷಿವೀಕ್ಷಣಾಧಿಕಾರಿಯತ್ತ ತಿರುಗಿದರು. ಹಕ್ಕಿ ಅವಳನ್ನೇ ನೋಡುತ್ತಿತ್ತು. ಅವಳೂ ಒಂದು ಗಳಿಗೆ ಅದನ್ನೇ ನೋಡಿದಳು. ಮರುಗಳಿಗೆ ತನ್ನ ಹೆಸರಿದ್ದ ನಿಘಂಟನ್ನೇ ಎತ್ತಿ ಬೀಸಿದಳು.

“ಶ್! ಹೋಗಾಚೆ! ಒಳ್ಳೆ ಕೆಲಸದ ಹೊತ್ತಲ್ಲಿ ಅಪಶಕುನ!”

ಹಕ್ಕಿ ಹಾರಿಹೋಯಿತು. ಸಭೆ ನಿಟ್ಟುಸಿರು ಬಿಟ್ಟಿತು. ಬಲಬಾಗಿಲಿನಿಂದ ಗುಬ್ಬಿ ಗಂಭೀರವಾಗಿ ನಡೆದು ಬಂದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.